ಇಪ್ಪತ್ತು ಸಾವಿರದ ಬೆಳಕು, ಆಚೆ ದಡದ ಹುಂಜ

ಸೆಆಂಗಾಂಗಾ, ಫಿಜಿ
ಜೂನ್ 12

ಶಾಲ್‌ಬ್ರೈಟ್ ಗಾಡಿ ದೀಪಗಳ ಅಂಗಡಿಯ ಮಾಲೀಕರಿಗೆ, ಅಂದರೆ ನನ್ನ ಸ್ವಂತ ತಂಗಿ ಧನ್‌ಮತಿಯ ಮಗ ಶಾಲ್ವಿನ್‌ಗೆ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ನೋಡಿದ ಗುರುತು ಬೀಳುತ್ತದೆ, ಉತ್ತರ ಬೀಳುವುದಿಲ್ಲ. ನಿನ್ನ ಅಂಗಡಿಯ ಪುಟದ ತಳದಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ‘ದೂರುಗಳನ್ನು ಬರಹದಲ್ಲಿ, ಸಾಮಾನಿನ ಸಮೇತ, ಲೌಟೋಕಾದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸತಕ್ಕದ್ದು’ ಎಂದು ಬರೆದಿದ್ದೀಯ. ಈ ಕಾಲದಲ್ಲಿ ಯಾರೂ ಕಾಗದ ಬರೆಯುವುದಿಲ್ಲ ಎಂಬ ಧೈರ್ಯ ನಿನಗೆ. ನಾನು ಬರೆಯುತ್ತೇನೆ. ಕಬ್ಬಿನ ಗದ್ದೆ ಪಕ್ಕದ ನಮ್ಮ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವನು ಇನ್ನೊಬ್ಬನಿರಲಿಲ್ಲ. ನಾನು ಶಾಲೆ ಬಿಟ್ಟ ದಿನ ಮೇಷ್ಟ್ರು ಅತ್ತರು. ಸಂತೋಷಕ್ಕೆ ಅತ್ತರು ಅಂತ ನಿನ್ನ ತಾಯಿ ಹೇಳುತ್ತಾಳೆ, ಅವಳ ಮಾತು ಬಿಡು.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಲಂಬಾಸಾ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವ ಹೆಂಗಸು ನನ್ನ ಗಾಡಿಗೆ ಅಡ್ಡ ನಿಂತು, “ಏನ್ ಬಿಸುನಣ್ಣಾ, ಫೋನಲ್ಲೆಲ್ಲ ನಿಮ್ದೇ ಮುಖ. ಗಾಡಿ ಓಡ್ಸೋದ್ ಬಿಟ್ಟು ದೀಪ ಮಾರ್ತಿದೀರಾ?” ಎಂದಳು. ನೋಡಿದರೆ ನಾನೇ. ನಿನ್ನ ಅಕ್ಕನ ಮದುವೆಯಲ್ಲಿ ಹಾಕಿದ್ದ ಹೂವಿನ ಅಂಗಿ, ಕೈಯಲ್ಲಿ ಗ್ರಾಗ್ ಕುಡಿಯುವ ತೆಂಗಿನ ಚಿಪ್ಪು, ತೆರೆದ ಬಾಯಿ. ಕೆಳಗೆ ಬರಹ: ‘ದೀಪ ಹಚ್ಚಿದರೆ ಆಚೆ ದಡದ ಹುಂಜ ಬೆಳಗಾಯಿತೆಂದು ಕೂಗುತ್ತದೆ. ಬಿಸುನ್ ದೇವ್, ಗುಡ್ಡದ ರಸ್ತೆಯಲ್ಲಿ ನಲವತ್ತು ವರ್ಷ.’ ಅದರ ಪಕ್ಕದಲ್ಲಿ, ಇಪ್ಪತ್ತು ಸಾವಿರ ಲ್ಯೂಮೆನ್ ಬೆಳಕು, ಇನ್ನೂರು ವ್ಯಾಟ್, ಮಂಜು ಸೀಳುವ ಹಾಲಿನ ಬಿಳುಪು, ನೀರಿನಲ್ಲಿ ಮುಳುಗಿಸಿದರೂ ಕೆಡದು, ಎಲ್ಲ ಗಾಡಿಗೂ ಹೊಂದುತ್ತದೆ.

ಆ ಹುಂಜದ ಮಾತು ನನ್ನದು ಹೌದು. ಅದು ನನ್ನ ಹಳೆಯ ಕಬ್ಬಿನ ಲಾರಿಯ ದೀಪದ ಬಗ್ಗೆ ಮದುವೆ ಚಪ್ಪರದಲ್ಲಿ ಹೇಳಿದ್ದು. ನೀನು ಫೋನು ಹಿಡಿದುಕೊಂಡು ಮೂಲೆಯಲ್ಲಿ ನಗುತ್ತಿದ್ದೆ. ಮಾಮನ ಮೇಲೆ ಪ್ರೀತಿ ಎಂದುಕೊಂಡಿದ್ದೆ.

ನಾನು ಹೊಗಳಿರುವ ಸಾಮಾನು ಹೇಗಿದೆ ಎಂದು ನನಗೂ ಗೊತ್ತಿರಲಿ ಅಂತ ಒಂದು ಜೊತೆ ತರಿಸಿದೆ. ಈಗ ಜನರನ್ನು ಹತ್ತಿಸಿಕೊಂಡು ಓಡಿಸುವ ನನ್ನ ಕ್ಯಾರಿಯರ್ ಗಾಡಿಗೆ ಹಾಕಿ ಹಚ್ಚಿದರೆ ಮೂತಿಯ ಮುಂದೆ ಮದುವೆ ಮನೆಯ ಹಾಗೆ ಝಗಝಗ, ಅದರಾಚೆ ಏನೂ ಇಲ್ಲ. ಬೆಳಕೆಲ್ಲ ಮರದ ತುದಿಗೆ, ಮನೆಯ ಮಾಡಿಗೆ, ಎದುರು ಬರುವವರ ಕಣ್ಣಿಗೆ. ಆಮೇಲೆ ನೀರಿನ ಪರೀಕ್ಷೆ. ಒಂದನ್ನು ಬ್ಯಾಟರಿಗೆ ಸಿಕ್ಕಿಸಿ, ಉರಿಯುತ್ತಿರುವಾಗಲೇ ಗ್ರಾಗ್ ಬೋಗುಣಿಗೆ ಬಿಟ್ಟೆ. ಸುತ್ತ ಕೂತವರೆಲ್ಲ ಚಪ್ಪಾಳೆ ಹಾಕಿದರು. ಅದು ಎರಡು ಸಲ ಕಣ್ಣು ಹೊಡೆದು ಸತ್ತಿತು. ಒಂದು ಬೋಗುಣಿ ಗ್ರಾಗ್ ಹಾಳು. ಆದರೂ ಕುಡಿದೆವು.

ಸತ್ತದ್ದು, ಬದುಕಿದ್ದು ಎರಡನ್ನೂ ಇದರ ಜೊತೆ ಕಳಿಸಿದ್ದೇನೆ. ಅದಲ್ಲ ನನ್ನ ಚಿಂತೆ. ಗುಡ್ಡದ ಬುಡದ ನಾವುಂದಿ ಹಳ್ಳಿಯ ಮಿತಿಯೇಲಿ ನಿನಗೆ ಗೊತ್ತು, ನನ್ನ ಹಳೆಯ ಗೆಳೆಯ. ಹೆಂಗಸರನ್ನು, ಗೆಣಸಿನ ಮೂಟೆಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ವಾರಕ್ಕೆರಡು ಸಲ ಗುಡ್ಡ ದಾಟಿ ಸವುಸವು ಸಂತೆಗೆ ಹೋಗುತ್ತಾನೆ. ನನ್ನ ಮುಖ ನೋಡಿ ಅವನೂ ಒಂದು ಜೊತೆ ಹಾಕಿಸಿಕೊಂಡಿದ್ದಾನೆ. ತೆಗೆದುಹಾಕು ಮಾರಾಯ, ಅದು ಕೆಲಸಕ್ಕೆ ಬಾರದ್ದು ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. “ಬಿಸುನ್, ಹೊಗಳೋನೂ ನೀನೇ, ಬೈಯೋನೂ ನೀನೇ. ಯಾವ್ದು ಸುಳ್ಳು ಅಂತ ಮೊದ್ಲು ನೀನೇ ಗಟ್ಟಿ ಮಾಡ್ಕೊ” ಅನ್ನುತ್ತಾನೆ.

ನನ್ನ ಮುಖ ತೆಗೆ. ನನ್ನ ಹುಂಜ ತೆಗೆ. ಅಷ್ಟೇ ಕೇಳುತ್ತಿರುವುದು.

ಇಂತಿ,
ಪುಟದಲ್ಲಿರುವ ಮುಖದ ಮಾಲೀಕ,
ನಿನ್ನ ಮಾಮ ಬಿಸುನ್ ದೇವ್

*

ಶಾಲ್‌ಬ್ರೈಟ್, ಲೌಟೋಕಾ
ಜೂನ್ 25

ಪ್ರಿಯ ಗ್ರಾಹಕರೇ,

ತಮ್ಮ ಪತ್ರ ತಲುಪಿತು. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಾವು ಹಿಂದಿರುಗಿಸಿದ ದೀಪಗಳನ್ನು ನಮ್ಮ ತಜ್ಞರ ತಂಡ ಪರಿಶೀಲಿಸಿದ್ದು, ಅವುಗಳಲ್ಲಿ ಒಂದನ್ನು ಪಾನೀಯದಲ್ಲಿ ಅದ್ದಿರುವುದು ಕಂಡುಬಂದಿದೆ. ನಮ್ಮ ಭರವಸೆ ನೀರಿಗೆ ಮಾತ್ರ ಅನ್ವಯಿಸುತ್ತದೆ.

ಬೆಳಕಿನ ಹಂಚಿಕೆಯ ಕುರಿತು: ದೀಪವನ್ನು ತಪ್ಪಾಗಿ ಅಳವಡಿಸಿರುವ ಸಾಧ್ಯತೆ ಇದೆ.

ಭಾವಚಿತ್ರದ ಕುರಿತು: ಅದರಲ್ಲಿರುವವರು ಸ್ವಇಚ್ಛೆಯಿಂದ, ಸಾಕ್ಷಿಗಳ ಎದುರು, ಆ ಮಾತನ್ನು ಆಡಿರುವುದಕ್ಕೆ ವಿಡಿಯೋ ನಮ್ಮಲ್ಲಿದೆ.

ತಮ್ಮ ದಿನ ಬೆಳಗುತ್ತಿರಲಿ.

ಕೆವಿನ್
ಗ್ರಾಹಕ ಸೇವೆ

*

ಸೆಆಂಗಾಂಗಾ
ಜುಲೈ 9

ಕೆವಿನ್‌ಗೆ ಮೊದಲು,

ಕೆವಿನ್, ನಿನ್ನ ಕಾಗದದ ಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟು ಇದೆ. ಕಾಗದ ಮೂಸಿದರೆ ನನ್ನ ತಂಗಿ ಮಾಡುವ ಮೀನಿನ ಸಾರು. ನಿನ್ನ ತಜ್ಞರ ತಂಡಕ್ಕೆ ಕೈ ತೊಳೆದುಕೊಂಡು ಬರೆಯಲು ಹೇಳು.

ಈಗ ಶಾಲ್ವಿನ್‌ಗೆ. ಕೂತುಕೊಂಡು ಓದು.

ಗುರುವಾರ ಸಂಜೆ ಮಿತಿಯೇಲಿಯ ವ್ಯಾನು ವಾಇಸಾಲಿ ಗುಡ್ಡದ ತಿರುವಿನಲ್ಲಿ ಚರಂಡಿಗೆ ಬಿತ್ತು. ಸಂತೆ ಮುಗಿಸಿ ಬರುತ್ತಿದ್ದರು. ಮಂಜು ಇಳಿದಿತ್ತು, ಯಾವಾಗಲೂ ಇಳಿಯುವಷ್ಟೇ. ನಿನ್ನ ದೀಪ ಹಚ್ಚಿದ. ಎದುರಿಗೆ ಬಿಳಿ ಬಟ್ಟೆ ಕಟ್ಟಿದ ಹಾಗಾಯಿತಂತೆ. ಬೆಳಕು ಏರಿಸಿದರೆ ಬಟ್ಟೆ ಇನ್ನೂ ಬೆಳ್ಳಗಾಯಿತು. ಆ ತಿರುವು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಕಣ್ಣು ಮುಚ್ಚಿಕೊಂಡೇ ಓಡಿಸಿದ್ದರೆ ಬೀಳುತ್ತಿರಲಿಲ್ಲ.

ಹಿಂದೆ ಕೂತ ಹೆಂಗಸರಿಗೆ ಗೆಣಸಿನ ಮೂಟೆಗಳೇ ಮೆತ್ತೆಯಾದವು. ಮುಂದೆ ಕೂತಿದ್ದ ಅವನ ಹೆಂಡತಿ ಲೋಸಾಲಿನಿಯ ಹೆಗಲ ಮೂಳೆ ಮುರಿದಿದೆ. ಹಿಂದಿನಿಂದ ಬರುತ್ತಿದ್ದವನು ನಾನೇ. ನನ್ನ ಕ್ಯಾರಿಯರ್‌ಗೆ ಈಗ ಮತ್ತೆ ಹಳೆಯ ಹಳದಿ ದೀಪ ಹಾಕಿಸಿದ್ದೇನೆ, ಅದಕ್ಕೇ ಅವರು ಕಂಡರು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಲಂಬಾಸಾ ಆಸ್ಪತ್ರೆಗೆ ಹೊರಟೆ. ನೋವಿಗೆ ಹಾಡು ಹೇಳುತ್ತಿದ್ದಳು, ಚರ್ಚಿನಲ್ಲಿ ಹೇಳುವಂಥದ್ದು. ದಾರಿ ಅರ್ಧ ಆದಮೇಲೆ ಹಾಡು ನಿಲ್ಲಿಸಿ, “ನಿನ್ ಮುಖ ನೋಡಿ ತಗೊಂಡ್ವಿ ಬಿಸುನ್” ಎಂದಳು. ಮತ್ತೆ ಹಾಡು ಶುರು ಮಾಡಿದಳು.

ನಾನು ಮಿತಿಯೇಲಿಗೆ ಹೇಳಿದ್ದೆ. ನಿಜವನ್ನೇ ಹೇಳಿದ್ದೆ. ಅವನು ನನ್ನ ಹುಂಜವನ್ನು ನಂಬಿದ, ನನ್ನನ್ನು ನಂಬಲಿಲ್ಲ.

ಮುಖ ತೆಗೆ. ಆಮೇಲೆ ಹಡಗು ಹತ್ತಿ ಬಂದು ನಾವುಂದಿಯಲ್ಲಿ ನನ್ನ ಪಕ್ಕ ಕೂತು ತಪ್ಪಾಯಿತು ಅನ್ನು. ಈ ಎರಡು ಆಗುವವರೆಗೆ ನನಗೆ ಆ ಹಳ್ಳಿಯಲ್ಲಿ ಜಾಗ ಇಲ್ಲ.

ಬಿಸುನ್ ದೇವ್

*

ಲೌಟೋಕಾ
ಜುಲೈ 21

ಮಾಮ,

ಸರಿ, ಕೆವಿನ್ ಇಲ್ಲ. ನಾನೇ ಬರೆಯುತ್ತಿದ್ದೇನೆ.

ಲೋಸಾಲಿನಿ ಚಿಕ್ಕಮ್ಮನಿಗೆ ಪೆಟ್ಟಾಗಿದ್ದು ಕೇಳಿ ಬೇಜಾರಾಯಿತು. ಆದರೆ ಮಂಜಿನಲ್ಲಿ ನಿಧಾನ ಓಡಿಸಬೇಕು ಎಂದು ನಾನು ಹೇಳಿಕೊಡಬೇಕೇ? ಪೆಟ್ಟಿಗೆಯ ಅಡಿಯಲ್ಲಿ ‘ರಸ್ತೆಯಲ್ಲದ ಕಡೆ ಬಳಸಲು ಮಾತ್ರ’ ಎಂದು ಮುದ್ರಿಸಿದೆ. ಅವರು ರಸ್ತೆಯಲ್ಲಿ ಬಳಸಿದರು.

ಇಪ್ಪತ್ತು ಸಾವಿರದ ವಿಚಾರ. ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕಾರ್ಖಾನೆಯವರು ಒಂದು ದೀಪದ ಒಳಗಿನ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಉರಿಸಿದರೆ ಎಷ್ಟಾದೀತು ಎಂದು ಲೆಕ್ಕ ಹಾಕುತ್ತಾರೆ. ಒಟ್ಟಿಗೆ ಉರಿಯುವುದಿಲ್ಲ, ಸುಟ್ಟುಹೋಗುತ್ತವೆ, ಅದು ಬೇರೆ. ಒಂದು ಜೊತೆಗೆ ದೀಪ ಎರಡು ಅಂತ ಅದನ್ನು ಇಮ್ಮಡಿ ಮಾಡುತ್ತಾರೆ. ಆಮೇಲೆ ಚೆಂದ ಕಾಣಲಿ ಅಂತ ಮೇಲಕ್ಕೆ ದುಂಡಗೆ ಮಾಡುತ್ತಾರೆ. ಗಾಜು ದಾಟಿ ರಸ್ತೆಗೆ ಬೀಳುವುದು ಸಾವಿರ ಚಿಲ್ಲರೆ ಇರಬಹುದು. ಎಲ್ಲರೂ ಹೀಗೇ ಬರೆಯುವುದು. ನಾನೊಬ್ಬ ಸಾವಿರ ಅಂತ ಬರೆದರೆ ಜನ ಇದೇನು ಟಾರ್ಚಾ ಅಂತ ಮುಂದೆ ಹೋಗುತ್ತಾರೆ. ಪಕ್ಕದ ಅಂಗಡಿಯವನು ಇದೇ ದೀಪಕ್ಕೆ ಮೂವತ್ತಾರು ಸಾವಿರ ಬರೆದಿದ್ದಾನೆ. ಅವನೆದುರು ನಾನು ಸಾಧು.

ಇನ್ನು ನೀವು. ಬರಿಗೈಯಲ್ಲಿ ಶಾರ್ಕ್ ಹಿಡಿದೆ ಅಂದವರು ನೀವು. ಚಂಡಮಾರುತಕ್ಕೆ ಎದುರಾಗಿ ಲಾರಿ ಓಡಿಸಿ ಅದನ್ನೇ ತಿರುಗಿಸಿ ಕಳಿಸಿದೆ ಅಂದವರು ನೀವು. ಅಜ್ಜಿಯ ತಿಥಿಯ ದಿನವೂ ಬಿಟ್ಟವರಲ್ಲ. ಹುಟ್ಟಿದಾಗಿನಿಂದ ನಿಮ್ಮ ಬಾಯಿ ಕೇಳಿಕೊಂಡೇ ಬೆಳೆದವನು ನಾನು. ನಾನು ಬರೆದರೆ ಮೋಸ, ನೀವು ಹೇಳಿದರೆ ತಮಾಷೆ. ನಿಮ್ಮ ಬಾಯಿಗೆ ವಾರಂಟಿ ಇತ್ತಾ ಮಾಮ?

ನಿಮ್ಮ ಚಿತ್ರ ಹಾಕಿದ ಮೇಲೆ ನಿಮ್ಮ ವನುವಾ ಲೇವು ದ್ವೀಪದಿಂದ ಬರುವ ಬೇಡಿಕೆ ಏರಿದೆ. ತೆಗೆಯುವುದಿಲ್ಲ. ಬರುವುದೂ ಇಲ್ಲ.

ಶಾಲ್ವಿನ್

*

ಸೆಆಂಗಾಂಗಾ
ಆಗಸ್ಟ್ 6

ಅಳಿಯ ದೇವರಿಗೆ,

ನನ್ನ ಬಾಯಿಗೆ ವಾರಂಟಿ ಇತ್ತಾ ಎಂದು ಕೇಳಿದ್ದೀಯ. ಇತ್ತು. ನಾನು ಶಾರ್ಕ್ ಹಿಡಿಯುವಾಗ ಎದುರಿಗೆ ಜನ ಕೂತಿರುತ್ತಾರೆ. ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಬೆನ್ನು ತಿರುಗಿಸುತ್ತಾನೆ, ನಿನ್ನ ತಾಯಿ ಒಳಗಿನಿಂದಲೇ “ಸಾಕು ಬಿಡಣ್ಣಾ” ಎಂದು ಕೂಗುತ್ತಾಳೆ. ನನ್ನ ಮಾತಿನ ನಾಲ್ಕರಲ್ಲಿ ಮೂರು ಪಾಲು ಅಲ್ಲೇ ಕಳೆದುಹೋಗುತ್ತದೆ. ನಿನ್ನ ಪುಟದ ಎದುರು ಒಬ್ಬನೇ ಕೂತು ನೋಡುವವನಿಗೆ ‘ಸಾಕು ಬಿಡಣ್ಣಾ’ ಅನ್ನಲು ಯಾರಿದ್ದಾರೆ? ನನ್ನ ಮಾತನ್ನು ಚಪ್ಪರದಿಂದ ಎತ್ತಿಕೊಂಡು ಹೋಗುವಾಗ ಆ ನಗುವನ್ನೂ ಎತ್ತಿಕೊಂಡು ಹೋಗಬೇಕಿತ್ತು.

ಇರಲಿ. ಇಲ್ಲಿ ಆದದ್ದು ಕೇಳು, ನಿನಗೆ ಸಂತೋಷವಾಗುತ್ತದೆ.

ಕ್ಷಮೆ ಕೇಳುವುದಕ್ಕೆ ನಾನೊಬ್ಬನೇ ನಾವುಂದಿಗೆ ಹೋದೆ. ಅವರ ಕ್ರಮ ನಿನಗೂ ಗೊತ್ತು. ಗ್ರಾಗ್ ಮಾಡುವ ಯಂಗೋನಾ ಬೇರಿನ ಕಟ್ಟು ಮುಂದಿಟ್ಟು, ಬಾಗಿಲ ಬಳಿಯೇ ತಲೆ ತಗ್ಗಿಸಿ ಕೂತು, ಆದದ್ದು ಹೇಳಬೇಕು. ಹಳ್ಳಿಯ ಹಿರಿಯರು ಬೇರಿನ ಕಟ್ಟು ಮುಟ್ಟಿದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಮುಟ್ಟದಿದ್ದರೆ ಕಟ್ಟು ಎತ್ತಿಕೊಂಡು ಎದ್ದು ಬರಬೇಕು.

ಚೆನ್ನಾಗಿಯೇ ಹೇಳಿದೆ. ದೀಪದ್ದು ಹೇಳಿದೆ, ಮುಖದ್ದು ಹೇಳಿದೆ. ಹೆಂಗಸರ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಹಿರಿಯರ ಕೈ ಅರ್ಧ ದಾರಿ ಬಂದಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ, “ಇದು ಕಂದಾವು ದ್ವೀಪದ ಬೇರು ಹಿರಿಯರೇ, ಏಳು ವರ್ಷದ್ದು, ದೊಡ್ಡ ದೊಡ್ಡ ಯಜಮಾನ್ರಿಗೆ ಕೊಡೋವಂಥದ್ದು” ಎಂದುಬಿಟ್ಟೆ.

ಕೈ ನಿಂತಿತು. ಹಿರಿಯರು ಒಂದು ಬೇರು ಮುರಿದರು. ಮೂಸಿದರು. ಮಿತಿಯೇಲಿ ಮಾಡಿನ ತೊಲೆ ಎಣಿಸತೊಡಗಿದ.

“ಬಿಸುನ್, ಇದು ಸವುಸವು ಮಾರ್ಕೆಟ್‌ದು. ನಿಂಗೆ ಇದನ್ನ ಮಾರಿದ್ದು ನನ್ ತಮ್ಮನ ಮಗಾನೇ. ಬೆಳಿಗ್ಗೆ ಬಂದು ಹೇಳ್ದ” ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ತಗೊಂಡ್ ಹೋಗು. ಇನ್ನೊಂದ್ಸಲ ಬರೋವಾಗ ಆ ಪುಟ ಬರೆದೋನ್ನೂ ಕರ್ಕೊಂಡ್ ಬಾ. ಒಬ್ರಿಗೊಬ್ರು ಸರಿಯಾಗಿದೀರಿ.”

ಅಂದಿನಿಂದ ನಾವುಂದಿಯ ಜನ ನನ್ನ ಗಾಡಿ ಹತ್ತುವುದಿಲ್ಲ. ಬಿಸಿಲಿನಲ್ಲಿ ನಿಂತಿರುತ್ತಾರೆ, ನಾನು ಬಂದರೆ ಸಮುದ್ರ ಆ ಕಡೆ ಇದೆಯೋ ಎಂಬಂತೆ ಗುಡ್ಡದ ಕಡೆ ನೋಡುತ್ತಾರೆ. ಮಿತಿಯೇಲಿ ಎದುರು ಸಿಕ್ಕರೆ ನಮಸ್ಕಾರದ ಬದಲು ಹುಬ್ಬು ಎತ್ತುತ್ತಿದ್ದವನು, ಈಗ ಅದೂ ಇಲ್ಲ. ಕ್ಯಾರಿಯರ್ ಓಡಿಸುವುದು ಖಾಲಿ ಸೀಟಿಗೆ ಕತೆ ಹೇಳಲಿಕ್ಕೆ ಅಲ್ಲ.

ಈಗ ನನ್ನ ಸರದಿ. ನನಗೂ ಪುಟ ಬರೆಯಲು ಬರುತ್ತದೆ. ಕೆಳಗಿನದನ್ನು ಅಚ್ಚು ಹಾಕಿಸಿ, ನಿನ್ನ ಹಲ್ಲು ಕಾಣುವ ಚಿತ್ರದ ಸಮೇತ, ಸವುಸವು ಬಸ್ ಸ್ಟ್ಯಾಂಡಿನಲ್ಲೂ ಲಂಬಾಸಾ ಮಾರ್ಕೆಟ್ಟಿನ ಗೋಡೆಯ ಮೇಲೂ ಅಂಟಿಸಿದ್ದೇನೆ.

‘ಮಾರಾಟಕ್ಕಿದೆ: ಸೋದರಳಿಯ, ಒಂದು. ಎತ್ತರ ಆರಡಿ ಎರಡಂಗುಲ (ಬೂಟು, ಕೂದಲು ಮತ್ತು ಅವನ ಅಪ್ಪನ ಟೋಪಿ ಸೇರಿ). ಬುದ್ಧಿ ಇನ್ನೂರು ವ್ಯಾಟ್ (ಅವನ ತಾಯಿಯದನ್ನೂ ಕೂಡಿಸಿ). ಯಾವ ನೀರಿನಲ್ಲಿ ಮುಳುಗಿಸಿದರೂ ನಾಚಿಕೆ ಒಳಗೆ ಹೋಗದು. ಎಲ್ಲ ಮಾಮಂದಿರಿಗೂ ಹೊಂದುತ್ತದೆ. ಮನುಷ್ಯರಿಲ್ಲದ ಕಡೆ ಬಳಸಲು ಮಾತ್ರ. ಒಮ್ಮೆ ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.’

ಬದನೆಕಾಯಿ ಹೆಂಗಸು ಬೇಡಿಕೆ ಇಟ್ಟಿದ್ದಾಳೆ. ಕೆವಿನ್ ಜೊತೆಗೆ ಪುಕ್ಕಟೆ ಬರುತ್ತಾನಾ ಅಂತ ಕೇಳುತ್ತಿದ್ದಾಳೆ.

ಮಾಲು ಕೈಯಲ್ಲಿಟ್ಟುಕೊಂಡು ಕಾಯುತ್ತಿರುವ,
ಬಿಸುನ್ ದೇವ್

*

ಲೌಟೋಕಾ
ಆಗಸ್ಟ್ 16

ಮಾಮ,

ಆ ಕಾಗದದ ಚಿತ್ರ ಯಾರೋ ಅಮ್ಮನ ಫೋನಿಗೆ ಕಳಿಸಿದ್ದಾರೆ. ಅಮ್ಮ ಒಂದು ಗಂಟೆ ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿ, ಲೋಸಾಲಿನಿಯ ಹೆಗಲು ಹೇಗಿದೆ, ಹೋಗಿ ನೋಡಿದೆಯಾ ಎಂದು ಕೇಳಿದಳು. ಅಂದಿನಿಂದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋಗುತ್ತಾಳೆ. ಜೊತೆಗೆ ಕೂರುವುದಿಲ್ಲ. ಇದೂ ನಿಮ್ಮ ಕೆಲಸವೇ.

ಸವುಸವು ಹಡಗಿಗೆ ಕಾರು ಹಾಕಿಕೊಂಡು ಬರುತ್ತಿದ್ದೇನೆ. ಕ್ಷಮೆ ಕೇಳಲು ಅಲ್ಲ. ಕಾಗದ ಹರಿಯಲು. ಹಾಗೇ ಎರಡು ಹೊಸ ಜೊತೆ ತಂದು ಎಲ್ಲರೆದುರು ಸರಿಯಾಗಿ ಹಾಕಿ ತೋರಿಸುತ್ತೇನೆ. ತಪ್ಪು ದೀಪದ್ದೋ ಓಡಿಸಿದವರದ್ದೋ ನಿಮ್ಮ ಹಳ್ಳಿಯೇ ನೋಡಲಿ.

ನನ್ನನ್ನು ಎದುರುಗೊಳ್ಳಲು ಬರಬೇಡಿ.

ಶಾಲ್ವಿನ್

*

ಸೆಆಂಗಾಂಗಾ
ಸೆಪ್ಟೆಂಬರ್ 4

ಧನ್‌ಮತಿ,

ಮನೆಗೆ ಬಂದ ಮಗ ಬಾಯಿ ಬಿಡುತ್ತಿಲ್ಲ, ಏನು ಮಾಡಿದೆ ಅವನಿಗೆ ಎಂದು ಕೇಳಿದ್ದೀಯ. ನಾನೇನೂ ಮಾಡಲಿಲ್ಲ. ಕೇಳು.

ಎದುರುಗೊಳ್ಳಬೇಡಿ ಅಂದಿದ್ದ, ಅದಕ್ಕೇ ಹೋದೆ. ಹಡಗು ಬಂದು ಸ್ವಲ್ಪ ಹೊತ್ತಿಗೆ ನಿನ್ನ ಮಗ ಬಸ್ ಸ್ಟ್ಯಾಂಡಿನ ಕಂಬದಿಂದ ತನ್ನದೇ ಮುಖವನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಸುತ್ತ ಜನ ಚಿತ್ರ ನೋಡುವುದು, ಅವನನ್ನು ನೋಡುವುದು. ನಾನು ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ.

“ಗೋಂದು ಚೆನ್ನಾಗಿದೆ ಕಣಪ್ಪ. ನೀರಲ್ಲಿ ಮುಳುಗಿಸಿದ್ರೂ ಬಿಡಲ್ಲ” ಎಂದೆ.

“ನಿಮಗೆ ವಯಸ್ಸಾಗಿದೆ ಮಾಮ, ಅದಕ್ಕೆ ಸುಮ್ನಿದೀನಿ.”

“ಸುಮ್ನಿರೋದು ನಿನ್ ಅಂಗಡೀಲಿ ಮಾರ್ತೀಯಾ? ಎಷ್ಟು ಸಾವಿರ?”

ರೊಟ್ಟಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಆಮೇಲೆ ಕಾರಿನಲ್ಲಿ ಕೂತು ತಿಂದ, ನಾನು ನೋಡಿದೆ. ಗುಡ್ಡ ದಾಟಿ ನಾವುಂದಿಗೆ ಹೋಗುವಾಗ ಅವನ ಕಾರು ಮುಂದೆ, ನನ್ನ ಕ್ಯಾರಿಯರ್ ಹಿಂದೆ. ಹಗಲು, ಒಳ್ಳೆಯ ಬಿಸಿಲು. ಗಾಳಿಯ ಹಾಗೆ ಓಡಿಸಿದ.

ಸಭೆ ಸೇರುವಾಗ ಹೊತ್ತು ಇಳಿಯುತ್ತಿತ್ತು. ನಾನು ಬಾಗಿಲ ಬಳಿ ಬೇರಿನ ಕಟ್ಟು ಇಟ್ಟುಕೊಂಡು ಕೂತೆ. ನಿನ್ನ ಮಗ ಪಕ್ಕದಲ್ಲಿ ಕಾಲು ಮಡಚಲಾಗದೆ ಒದ್ದಾಡುತ್ತಾ ಕೂತ, ಎದುರಿಗೆ ಎರಡು ಹೊಸ ಪೆಟ್ಟಿಗೆ. ಹಿರಿಯರು ಮಾತಾಡು ಅಂದರು. ಮಾತಾಡಿದ. ಅಳತೆ ಅಂದ, ತಂತ್ರಜ್ಞಾನ ಅಂದ, ಎಲ್ಲರೂ ಹೀಗೇ ಬರೆಯುವುದು ಅಂದ. ನಾನು ನನ್ನ ಮಾತನ್ನೇ ಹೊರಗಿನಿಂದ ಕೇಳಿದ ಹಾಗಾಯಿತು. ಅಷ್ಟು ಕೆಟ್ಟದಾಗಿರುತ್ತದೆ ಅಂತ ನೀನು ಯಾವತ್ತಾದರೂ ಹೇಳಬಹುದಿತ್ತು.

ಲೋಸಾಲಿನಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ಕೂತಿದ್ದಳು. “ಮಗಾ, ನಿನ್ ಕಾರಲ್ಲಿ ಯಾವ್ದು ಹಾಕಿದೀಯ?” ಎಂದು ಕೇಳಿದಳು.

“ಇದೇ” ಎಂದ.

“ಹಂಗಾದ್ರೆ ಒಂದ್ಸಲ ಹಚ್ಚು. ಕಿಟಕಿಯಿಂದ ಚರ್ಚಿನ ಗೋಡೆ ಕಾಣ್ತದೆ, ಇಲ್ಲಿಂದ್ಲೇ ನೋಡ್ತೀವಿ.”

ನಿನ್ನ ಮಗ ಏಳಲಿಲ್ಲ. ಬೀಗದ ಕೈ ಬೆರಳಿನಲ್ಲಿ ತಿರುಗಿಸುತ್ತಾ ಕೂತ. ಯಾರೂ ಒತ್ತಾಯ ಮಾಡಲಿಲ್ಲ. ಆ ಊರಿನವರಿಗೆ ಕಾಯುವುದು ಬರುತ್ತದೆ. ಕೊನೆಗೆ ಮಿತಿಯೇಲಿ ಕೈ ಚಾಚಿದ, ಇವನು ಬೀಗದ ಕೈ ಕೊಟ್ಟ. ಹೊರಗೆ ಕಾರಿನ ಬಾಗಿಲು ತೆಗೆದ ಸದ್ದು. ಆಮೇಲೆ ಚರ್ಚಿನ ಗೋಡೆಯ ಮೇಲೆ ಬೆಳಕು ಬಿತ್ತು.

ಹಳದಿ, ಧನ್‌ಮತಿ. ತುಪ್ಪದ ದೀಪದಂಥ ಹಳದಿ. ಗೋಡೆಯ ಅರ್ಧಕ್ಕೆ ಗೆರೆ ಎಳೆದ ಹಾಗೆ ನಿಂತಿತ್ತು, ಅದರ ಕೆಳಗೆಲ್ಲ ಬೆಳಕು, ಮೇಲೆ ಕತ್ತಲೆ. ಕಾರು ಜಪಾನಿನಿಂದ ಬರುವಾಗ ಯಾವ ದೀಪ ಇತ್ತೋ ಅದೇ.

ನಾನು ನಗಬೇಕಿತ್ತು. ನಗಲಿಕ್ಕೇ ಎರಡು ತಿಂಗಳು ಕಾದಿದ್ದೆ. ಅವನ ಕಿವಿಯ ಹಿಂಭಾಗ ಕೆಂಪಾಗಿದ್ದು ಕಂಡಿತು. ಚಿಕ್ಕವನಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದರೆ ಹಾಗೇ ಆಗುತ್ತಿತ್ತಲ್ಲ.

“ನಾನು ನನ್ನ ಗಾಡಿಗೆ ಅದನ್ನ ಹಾಕಲ್ಲ” ಎಂದ.

“ಯಾಕೆ?” ಲೋಸಾಲಿನಿ ಕೇಳಿದಳು.

“ಕಾಣಲ್ಲ.”

ಅಷ್ಟೇ ಅಂದದ್ದು. ಹಿರಿಯರು ನನ್ನ ಕಡೆ ತಿರುಗಿದರು. “ಬಿಸುನ್, ಈ ಸಲದ ಬೇರು ಎಲ್ಲೀದು?”

ನಾಲಿಗೆಯ ತುದಿಗೆ ಒಂದು ದ್ವೀಪವೇ ಬಂದಿತ್ತು. ನುಂಗಿದೆ. “ಅದೇ ಮಾರ್ಕೆಟ್‌ದು. ನಿಮ್ ತಮ್ಮನ ಮಗಾನೇ ಕೊಟ್ಟ. ಎರಡು ವರ್ಷದ್ದು. ಒಂದ್ ಕಡೆ ಹುಳ ಹೊಡೆದಿದೆ, ಆ ಮಗ್ಗುಲು ಕೆಳಗೆ ಮಾಡಿ ಇಟ್ಟಿದೀನಿ” ಎಂದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹಿರಿಯರು ಬೇರಿನ ಕಟ್ಟು ಮುಟ್ಟಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮಿತಿಯೇಲಿ ಇನ್ನೂ ಒಳಗೆ ಬಂದಿರಲಿಲ್ಲ. ಹೋಗಿ ನೋಡಿದರೆ ನಿನ್ನ ಮಗನ ಕಾರಿನ ಮುಂಭಾಗ ತೆರೆದು ಹಳದಿ ದೀಪ ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಾನೆ. ಹೊಸ ಪೆಟ್ಟಿಗೆ ಒಡೆದು ಅವನ ಮಾಲನ್ನೇ ಅವನ ಕಾರಿಗೆ ಕೂರಿಸುತ್ತಿದ್ದಾನೆ. ಎಲ್ಲ ಗಾಡಿಗೂ ಹೊಂದುತ್ತದೆ ಅಂತ ಬರೆದಿದ್ದನಲ್ಲ, ಆ ಪುಟದಲ್ಲಿ ನಿಜ ಇದ್ದದ್ದು ಅದೊಂದೇ ಮಾತು.

“ಇದು ಸಾವಿರದ್ದು, ನಮ್ಮಂಥೋರಿಗೆ ಸಾಕು. ನೀನು ಇಪ್ಪತ್ತು ಸಾವಿರದ್ದು ಹಾಕ್ಕೊಂಡ್ ಹೋಗಪ್ಪ. ದೂರ ಹೋಗೋನು” ಎಂದ ಮಿತಿಯೇಲಿ.

“ರಾತ್ರಿ ಹಡಗು ಹಿಡೀಬೇಕು ಚಿಕ್ಕಪ್ಪ. ಗುಡ್ಡದಲ್ಲಿ ಮಂಜು ಇಳೀತಿದೆ” ಎಂದ ನಿನ್ನ ಮಗ. ಮೊದಲ ಸಲ ಅವನನ್ನು ಚಿಕ್ಕಪ್ಪ ಅಂದ.

“ಮಂಜು ಸೀಳ್ತದಂತಲ್ಲ. ಬಿಸುನ್ ಹೇಳಿದಾನೆ.”

ಹಚ್ಚಿದ. ಧನ್‌ಮತಿ, ಚರ್ಚಿನ ಗೋಡೆ, ಅದರ ಮೇಲಿನ ಗಂಟೆ, ತೆಂಗಿನ ಸುಳಿ, ಒಣಹಾಕಿದ ಬಟ್ಟೆ, ಮಾವಿನ ಮರದಲ್ಲಿ ಕೂತ ಕೋಳಿಗಳು, ಎಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಬೆಳ್ಳಗಾದವು. ನೆಲದ ಮೇಲೆ ಮಾತ್ರ ಏನೂ ಇಲ್ಲ. ಮರದ ತುದಿಯಲ್ಲಿದ್ದ ಹುಂಜ ಕತ್ತು ಎತ್ತಿ ಕೂಗಿತು. ಆಮೇಲೆ ಹಳ್ಳದ ಆಚೆಯ ಮನೆಯ ಹುಂಜವೂ ಕೂಗಿತು. ನಾವುಂದಿಯ ಜನ ಹುಲ್ಲಿನ ಮೇಲೆ ಬಿದ್ದು ಹೊರಳಿ ನಕ್ಕರು. ಹಿರಿಯರೂ ನಕ್ಕರು. ನನ್ನ ಮಾತು ಸುಳ್ಳಲ್ಲ ಅಂತ ಇನ್ನಾದರೂ ಒಪ್ಪಿಕೊ.

ನಿನ್ನ ಮಗ ನಗಲಿಲ್ಲ. ಕಾರು ಹತ್ತಿದ. ನಾನು ಕ್ಯಾರಿಯರ್ ಅವನ ಮುಂದಕ್ಕೆ ತಂದು ನಿಲ್ಲಿಸಿ, “ನನ್ ಹಿಂದಿನ ಕೆಂಪು ದೀಪ ನೋಡ್ಕೊಂಡ್ ಬಾ. ಬೇರೇನೂ ನೋಡ್ಬೇಡ” ಎಂದೆ. ಕಿಟಕಿ ಏರಿಸಿಕೊಂಡ. ಆದರೆ ಬಂದ. ಗುಡ್ಡದುದ್ದಕ್ಕೂ ಎಮ್ಮೆಯ ಹಿಂದೆ ಕರು ಬರುವ ಹಾಗೆ ಬಂದ. ಮೇಲಿನ ತಿರುವಿನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವನ ಬೆಳಕು ನನ್ನ ಕನ್ನಡಿಯಲ್ಲಿ ಬಿಳಿ ಹೊಗೆಯಾಗಿ ಕಾಣುತ್ತಿತ್ತು, ಕಾರೇ ಕಾಣುತ್ತಿರಲಿಲ್ಲ. ಲೋಸಾಲಿನಿ ಬಿದ್ದ ಜಾಗದಲ್ಲಿ ನಾನು ಗಾಡಿ ನಿಲ್ಲಿಸಿದೆ. ಅವನೂ ನಿಲ್ಲಿಸಿದ. ಇಬ್ಬರೂ ಇಳಿಯಲಿಲ್ಲ. ಆಮೇಲೆ ಮತ್ತೆ ಹೊರಟೆವು. ಹಡಗುಕಟ್ಟೆಯಲ್ಲಿ ಹೋಗಿ ಬರುತ್ತೇನೆ ಅನ್ನದೆ ಕಾರನ್ನು ಹಡಗಿಗೆ ಏರಿಸಿದ.

ಮೊನ್ನೆಯಿಂದ ನಾವುಂದಿಯ ಜನ ನನ್ನ ಗಾಡಿ ಹತ್ತುತ್ತಿದ್ದಾರೆ. ಲೋಸಾಲಿನಿ ಮುಂದಿನ ಸೀಟಿನಲ್ಲಿ ಕೂತು ಲಂಬಾಸಾವರೆಗೂ ನನ್ನ ಓಡಿಸುವಿಕೆಗೆ ಬೈದಳು. ಮಿತಿಯೇಲಿ ಎದುರು ಬಂದಾಗ ಒಂದು ಹುಬ್ಬು ಎತ್ತಿದ. ಇನ್ನೊಂದು ಯಾವಾಗಲೋ ನೋಡೋಣ.

ನಿನ್ನೆ ಬದನೆಕಾಯಿ ಹೆಂಗಸಿನ ಫೋನಿನಲ್ಲಿ ನಿನ್ನ ಮಗನ ಪುಟ ತೆರೆಸಿ ನೋಡಿದೆ. ನನ್ನ ಮುಖ ಇಲ್ಲ, ಹುಂಜವೂ ಇಲ್ಲ. ಕೆಳಗೆ, ಇರುವೆಗಾತ್ರದಲ್ಲಲ್ಲ, ಕಣ್ಣಿಗೆ ಕಾಣುವ ಅಕ್ಷರದಲ್ಲೇ ಒಂದು ಸಾಲು ಸೇರಿಸಿದ್ದಾನೆ: ‘ಮಂಜಿನಲ್ಲಿ ದಾರಿ ಕಾಣುವುದಿಲ್ಲ.’ ಆದರೆ ಇಪ್ಪತ್ತು ಸಾವಿರ ಹಾಗೇ ಕೂತಿದೆ.

ಅದಕ್ಕೆ ನಾನೂ ಬಸ್ ಸ್ಟ್ಯಾಂಡಿನ ಕಾಗದವನ್ನು ಮತ್ತೆ ಅಂಟಿಸಿದ್ದೇನೆ, ಒಂದು ಸಾಲು ಹೊಡೆದುಹಾಕಿ. ನಾಚಿಕೆಯ ಸಾಲು. ಮಿಕ್ಕದ್ದೆಲ್ಲ ಹಾಗೇ ಇದೆ. ಅವನ ಅಂಕಿ ಇಳಿಯುವವರೆಗೆ ನಿನ್ನ ಮಗನ ಎತ್ತರ ಆರಡಿ ಎರಡಂಗುಲವೇ, ಹೇಳಿಬಿಡು ಅವನಿಗೆ. ತಟ್ಟೆ ಇಟ್ಟ ಮೇಲೆ ಜೊತೆಗೆ ಕೂತುಕೊಂಡು ಹೇಳು.

ನಿನ್ನ ಅಣ್ಣ,
ಬಿಸುನ್ ದೇವ್